ಸಿಸ್ಟರ್ ಸೆಲಾಳ ಬೀಸಣಿಗೆ

ಬುಧವಾರ ಬೆಳಿಗ್ಗೆ ಊರ ಗ್ರಂಥಾಲಯದ ಹಿಂದೆ, ಓಕ್ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು, ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ವೆಂಡಲ್ ಪ್ರಾಥರ್ ಹತ್ತು ಜನ ಹೆಂಗಸರನ್ನು ಆರಿಸಲು ಕೂತಿದ್ದ. ಪಕ್ಕದ ಸೀಟಿನಲ್ಲಿ, ಜಾರದಂತೆ ಬೆಲ್ಟು ಬಿಗಿಸಿಕೊಂಡು, ಅವನ ಹೆಂಡತಿ ಕೊರಿನ್ ಮಾಡಿಕೊಟ್ಟ ಕೋಳಿ ಮತ್ತು ಅನ್ನದ ಗಾಜಿನ ಪಾತ್ರೆ ಕೂತಿತ್ತು. ಅವಳು ಶಿಶುವಿಹಾರದ ಕೆಲಸಕ್ಕೆ ಹೊರಡುವ ಮೊದಲೇ ಅದನ್ನು ಬೇಯಿಸಿ, ಮೇಲೆ ಬೆಳ್ಳಿಕಾಗದ ಮುಚ್ಚಿ, ಸಂಜೆಯ ಪ್ರಾರ್ಥನಾಕೂಟದ ಊಟಕ್ಕೆ ಚರ್ಚಿನ ಅಡಿಗೆಮನೆಗೆ ಮುಟ್ಟಿಸಿಬಿಡು ಎಂದಿದ್ದಳು. ಪಾತ್ರೆ ಇನ್ನೂ ಉಗುರುಬೆಚ್ಚಗಿತ್ತು. ಕಾರಿನ ತುಂಬ ಬೆಣ್ಣೆಯ, ಬೆಂದ ಈರುಳ್ಳಿಯ ವಾಸನೆ. ಈ ವಾಸನೆಯಲ್ಲಿ ಈ ಕೆಲಸ ಮಾಡಬಾರದು ಅನ್ನಿಸಿ ಅವನು ಕಿಟಕಿ ಇಳಿಸಿದ. ವಾಸನೆ ಹೋಗಲಿಲ್ಲ, ಅಲಬಾಮದ ಆಗಸ್ಟಿನ ಝಳ ಮಾತ್ರ ಒಳಗೆ ಬಂತು. ಆರಿಸಬೇಕಾದ ಹೆಂಗಸರೆಲ್ಲ ಇಂಟರ್ನೆಟ್ಟಿನಲ್ಲಿ, ತಿಂಗಳ ಚಂದಾ ಕಟ್ಟಿದವರಿಗೆ ಮಾತ್ರ ಮೈ ತೋರಿಸುವವರು. ಅವರಲ್ಲೂ ಚರ್ಚಿನ ವೇಷ ತೊಟ್ಟವರು. ಸನ್ಯಾಸಿನಿಯರು, ಚರ್ಚಿನ ಹಾಡುಗುಂಪಿನ ನಿಲುವಂಗಿಯವರು, ಪಾಸ್ಟರನ ಹೆಂಡತಿ ಎಂದು ಹೇಳಿಕೊಳ್ಳುವವರು. ತಿಂಗಳಿಗೊಮ್ಮೆ ಒಂದರಿಂದ ಹತ್ತರವರೆಗಿನ ಈ ಪಟ್ಟಿ ಹೊಸದಾಗಬೇಕು, ಒಬ್ಬಿಬ್ಬರು ಇಳಿಯಬೇಕು, ಒಬ್ಬಿಬ್ಬರು ಏರಬೇಕು. ಓದುಗರಿಗೆ ಬದಲಾವಣೆ ಬೇಕು ಎಂದು ಎಲ್ಲೋ ಉತ್ತರದ ನಗರದಲ್ಲಿ ಕೂತಿದ್ದ, ಅವನು ಎಂದೂ ಮುಖ ನೋಡಿರದ, ಜಾಲತಾಣದ ಸಂಪಾದಕಿ ಗ್ರೆಚೆನ್ ಹೇಳುತ್ತಿದ್ದಳು.

ಇದೇ ಗ್ರೆಚೆನ್ ಅವನಿಗೆ ಮೊದಲು ಹಾಸಿಗೆಗಳ ಪಟ್ಟಿ ಬರೆಯಲು ಕೊಟ್ಟಿದ್ದಳು. ಯಾವ ಹಾಸಿಗೆ ಬೆನ್ನಿಗೆ ಒಳ್ಳೆಯದು, ಯಾವ ನಾಯಿಗೆ ಯಾವ ತಿಂಡಿ, ಕಸ ಹೀರುವ ಯಂತ್ರಗಳಲ್ಲಿ ಯಾವುದಕ್ಕೆ ಸದ್ದು ಕಡಿಮೆ. ಮಾವನ ಚರ್ಚಿನಲ್ಲಿ ಯುವಜನರ ಬೋಧಕನಾಗಿದ್ದವನನ್ನು, ಯುವಜನರೇ ಇಲ್ಲವಲ್ಲ ಎಂದು ಹಿರಿಯರು ಬಿಡಿಸಿದ ಮೇಲೆ ಅವನಿಗೆ ಸಿಕ್ಕ ಕೆಲಸ ಅದು. ಬೀಳ್ಕೊಡುವ ದಿನ ತರಿಸಿದ ಕೇಕಿನ ಮೇಲೆ ಅವನ ಹೆಸರನ್ನು ತಪ್ಪಾಗಿ ಬರೆಸಿದ್ದರು. ಆ ತಪ್ಪು ಅಕ್ಷರ ಇದ್ದ ತುಂಡನ್ನೇ ಚರ್ಚಿನ ಹಳಬಳು ಮಿಸ್ ಓಪಲ್ ಕಾಗದದ ತಟ್ಟೆಯಲ್ಲಿ ಹಾಕಿ ಅವನ ಕೈಗೆ ಕೊಟ್ಟಿದ್ದಳು. ಅವನು ತಿಂದಿದ್ದ. ಮುಂದೆ ಅದೇ ಮಿಸ್ ಓಪಲ್ ಅವನನ್ನು ಮೂಲೆಗೆ ಕರೆದು, ಸೊಂಟ ನೋವಿಗೆ ಯಾವ ಹಾಸಿಗೆ ತಗೊಳ್ಳಲಿ ಎಂದು ಕೇಳಿದಾಗ ಅವನಿಗೆ ಒಳಗೊಳಗೇ ಗೆದ್ದಂತಾಗಿತ್ತು. ಈಗಲೂ ಊರವರಿಗೆ ಅವನು ಹಾಸಿಗೆ ಆರಿಸುವವನೇ. ಕೊರಿನ್‌ಗೂ ಅಷ್ಟೆ. ಕಳೆದ ವರ್ಷ ಗ್ರೆಚೆನ್ ಫೋನಿನಲ್ಲಿ, ನೀನು ಚರ್ಚಿನಲ್ಲಿ ಇದ್ದವನಲ್ಲವೆ, ಈ ವಿಭಾಗ ನಿನಗೇ ಸರಿ ಎಂದು ನಕ್ಕಾಗ ಅವನು ಒಲ್ಲೆ ಎನ್ನಲು ಬಾಯಿ ತೆರೆದಿದ್ದ. ಆದರೆ ಅವಳ ಮಾತಿನಲ್ಲಿ, ಅವನಿಗೊಬ್ಬನಿಗೇ ಗೊತ್ತಿರುವ ಏನೋ ಒಂದು ಇದೆ ಎಂಬ ಧ್ವನಿ ಇತ್ತು. ಹಾಗೆ ಯಾರೂ ಅವನಿಗೆ ಹೇಳಿ ಬಹಳ ದಿನವಾಗಿತ್ತು. ಬರೆಯುವ ಹೆಸರು ಮಾತ್ರ ಹೆಂಗಸಿನದಿರಲಿ, ನಂಬಿಕೆ ಬರುತ್ತದೆ ಎಂದಳು. ಅವನು ರೂತ್ ಆದ.

ಗೊತ್ತಿದ್ದದ್ದು ನಿಜ. ಅದೇ ಅವನನ್ನು ನಾಚಿಸುತ್ತಿತ್ತು. ಬೇರೆಯವರು ಮೈ ನೋಡುವಲ್ಲಿ ಅವನು ಪುಸ್ತಕ ಹಿಡಿದ ಕೈ ನೋಡುತ್ತಿದ್ದ. ಕ್ಯಾಥೊಲಿಕ್ ಸನ್ಯಾಸಿನಿಯ ಉಡುಪು ತೊಟ್ಟು ಬ್ಯಾಪ್ಟಿಸ್ಟರ ಕೀರ್ತನೆ ಪುಸ್ತಕ ಹಿಡಿದವಳು ಸುಳ್ಳು. ಶಿಲುಬೆಯನ್ನು ತಲೆಕೆಳಗಾಗಿ ಹಾಕಿಕೊಂಡವಳು ಸುಳ್ಳು ಮಾತ್ರವಲ್ಲ, ಸೋಮಾರಿ. ಮೊಣಕಾಲೂರಿದಾಗ ಒಂದು ಕೈಯನ್ನು ತಾನೇ ತಾನಾಗಿ ಮುಂದಿನ ಬೆಂಚಿನ ಬೆನ್ನಿಗೆ ಊರುವವಳು ಚರ್ಚಿನಲ್ಲಿ ಬೆಳೆದವಳು; ನಿಲುವಂಗಿಯ ಕತ್ತುಪಟ್ಟಿಗೆ ಒಳಗಿನಿಂದ ಪಿನ್ನು ಚುಚ್ಚಿಕೊಂಡವಳು ನಿಜವಾಗಿ ಎಲ್ಲೋ ಹಾಡಿದವಳು. ಸಂತೆಯಲ್ಲಿ ದನದ ಬಾಯಿ ಬಿಡಿಸಿ ಹಲ್ಲು ನೋಡುವ ದಲ್ಲಾಳಿಯ ಹಾಗೆ ಅವನು ಅವರ ಭಕ್ತಿ ನೋಡಿ ದರ್ಜೆ ಕೊಡುತ್ತಿದ್ದ. ಹಾಗೆ ನೋಡುವಾಗ ತನಗೆ ಆಸೆಯಾಗುತ್ತಿಲ್ಲ, ಇದು ಬರಿಯ ಕೆಲಸ ಎಂದು ಹೇಳಿಕೊಳ್ಳುತ್ತಿದ್ದ. ಬಹುಪಾಲು ಅದೂ ನಿಜವೇ. ಸೆಲಾ ಒಬ್ಬಳನ್ನು ಬಿಟ್ಟರೆ.

ಸಿಸ್ಟರ್ ಸೆಲಾ ಎಂದು ಅವಳು ಇಟ್ಟುಕೊಂಡ ಹೆಸರು. ಬೈಬಲ್ಲಿನ ಕೀರ್ತನೆಗಳ ಸಾಲುಗಳ ನಡುವೆ ಬರುವ, ಯಾರಿಗೂ ಸರಿಯಾಗಿ ಅರ್ಥ ಗೊತ್ತಿಲ್ಲದ ಪದ ಅದು. ಇಲ್ಲಿ ಸ್ವಲ್ಪ ನಿಲ್ಲು ಎಂದಿರಬಹುದು ಎಂದು ಬೋಧಕರನ್ನು ತಯಾರು ಮಾಡುವ ಸೆಮಿನರಿಯಲ್ಲಿ ಹೇಳಿಕೊಟ್ಟಿದ್ದರು. ಆ ಹೆಸರು ನೋಡಿಯೇ ಅವನು ನಿಂತಿದ್ದ. ಮೂಗಿನಿಂದ ಮೇಲೆ ಮುಖ ಕಾಣದ ಹಾಗೆ ಅವಳು ತನ್ನ ವೀಡಿಯೊ ತೆಗೆದುಕೊಳ್ಳುತ್ತಿದ್ದಳು. ಹಳೆಯ ಪಿಯಾನೋ, ಮಾಸಿದ ನಿಲುವಂಗಿ. ಮೊದಲು ಒಂದು ಕೀರ್ತನೆಯನ್ನು ಪೂರ್ತಿ ನುಡಿಸಿ ಆಮೇಲೆ ಮುಂದಿನದು. ಹೆಚ್ಚಿನವರು ಆ ನುಡಿಸುವುದನ್ನು ಓಡಿಸಿ ಮುಂದೆ ಹೋಗುತ್ತಾರೆಂದು ಅವನಿಗೆ ಗೊತ್ತಿತ್ತು. ಅವನು ಓಡಿಸಲಿಲ್ಲ. ಪಿಯಾನೋದ ಮೇಲೆ ಒರಗಿಸಿಟ್ಟಿದ್ದ ರಟ್ಟಿನ ಬೀಸಣಿಗೆ ಅವನ ಕಣ್ಣಿಗೆ ಬಿತ್ತು. ಮರದ ಕಡ್ಡಿ, ಒಂದು ಮಗ್ಗುಲಿಗೆ ಕುರಿಮರಿ ಹೊತ್ತ ಕುರುಬ, ಇನ್ನೊಂದು ಮಗ್ಗುಲಿಗೆ ಶವಸಂಸ್ಕಾರ ಮಾಡಿಸುವವರ ಹೆಸರು. ಬೇಸಿಗೆಯ ಆರಾಧನೆಯಲ್ಲಿ ಬೆಂಚು ಬೆಂಚಿಗೂ ಇರುತ್ತಿದ್ದಂಥದು. ಅವಳದರಲ್ಲಿ ಹೆಸರಿನ ಕೊನೆಯ ಅರ್ಧ, ಕೌಂಟಿಯ, ಅಂದರೆ ಜಿಲ್ಲೆಯ, ಹೆಸರಿನ ಮೊದಲ ಅರ್ಧ ಕಾಣುತ್ತಿತ್ತು. ಅವನು ಬರೆದ: ಈ ಪಟ್ಟಿಯಲ್ಲಿ ವೇಷವಲ್ಲದವಳು ಇವಳೊಬ್ಬಳೇ, ಆ ಬೀಸಣಿಗೆ ನೋಡಿ, ಅದು ಅಂಗಡಿಯಲ್ಲಿ ಸಿಗುವಂಥದಲ್ಲ, ಸಾವಿನ ಮನೆಯಿಂದ ಬರುವಂಥದು. ಬರೆದು, ಕಂಡ ಅಕ್ಷರಗಳನ್ನೂ ಹಾಗೇ ಇಳಿಸಿದ. ಅವಳಿಗೆ ಮರ್ಯಾದೆ ಮಾಡುತ್ತಿದ್ದೇನೆ ಎಂದೇ ಅವನ ಭಾವನೆ. ನನಗೆ ಗೊತ್ತಾಯಿತು, ನಾನೂ ಅಲ್ಲಿಯವನೇ ಎಂದು ಕತ್ತಲಲ್ಲಿ ಕೆಮ್ಮಿ ತಿಳಿಸಿದಂತೆ. ಕೆಲಸ ಮುಗಿದ ಮೇಲೆ, ನೋಡಲೆಂದು ತಾನು ಕಟ್ಟಿದ್ದ ಎಲ್ಲ ಚಂದಾಗಳನ್ನೂ ರದ್ದು ಮಾಡುವುದು ವಾಡಿಕೆ. ಅವಳದೊಂದನ್ನು ಮಾಡಲಿಲ್ಲ. ಸಂಗೀತಕ್ಕೆ ಎಂದುಕೊಂಡ.

ಇವತ್ತು ಪಟ್ಟಿ ತೆರೆಯುವ ಮೊದಲೇ ರೂತ್ ಹೆಸರಿಗೆ ಅವಳ ಸಂದೇಶ ಬಂದು ಕೂತಿತ್ತು. ಬೈಗುಳ ಇರಲಿಲ್ಲ. ಬೈದಿದ್ದರೆ ಅವನು ಓದಿ ಮುಚ್ಚುತ್ತಿದ್ದನೇನೋ. ಅಮ್ಮಾವ್ರೇ ಎಂದು ಶುರುಮಾಡಿದ್ದಳು. ನನ್ನ ನಿಜವಾದ ಹೆಸರು ಜೊಯೆಲ್. ನೀವು ಬರೆದ ಅಕ್ಷರಗಳನ್ನು ಯಾರೋ ಕೂಡಿಸಿ ಕೌಂಟಿ ಹುಡುಕಿದರು, ಕೌಂಟಿಯಿಂದ ಚರ್ಚು, ಚರ್ಚಿನಿಂದ ತಾಯಿ. ತಾಯಿ ವರ್ಲೀನ್ ಸ್ಟ್ರೌಡ್ ಆ ಚರ್ಚಿನಲ್ಲಿ ನನಗೆ ತಿಳಿದಾಗಿನಿಂದ ಪಿಯಾನೋ ನುಡಿಸುತ್ತಿದ್ದಳು, ಈಗ ಅವಳನ್ನು ಬಿಡಿಸಿ ಮನೆಯಲ್ಲಿ ಕೂರಿಸಿದ್ದಾರೆ. ಅವಳು ನನಗೆ ಬಾಗಿಲು ತೆರೆಯುತ್ತಿಲ್ಲ. ದಯವಿಟ್ಟು ಆ ಸಾಲು ತೆಗೆಯಿರಿ. ಕೊನೆಗೆ ಹೀಗಿತ್ತು: ನಿಮಗೆ ಚರ್ಚು ಗೊತ್ತು, ಅಮ್ಮಾವ್ರೇ, ಅದಕ್ಕೆ ಹೇಳುತ್ತಿದ್ದೇನೆ, ಕಷ್ಟ ಬಂದ ಮನೆಗೆ ಊಟ ಒಯ್ಯುವ ಜನ ನಾವು, ಆದರೆ ಒಬ್ಬರಾದರೂ ಅವಳ ಮನೆಗೆ ಊಟ ತಗೊಂಡು ಹೋಗಿಲ್ಲ.

ವೆಂಡಲ್ ಆ ಸಾಲನ್ನು ತಕ್ಷಣ ತೆಗೆದ. ಅದು ಅಷ್ಟು ಸುಲಭವಾಗಿ ಹೋದದ್ದು ಅವನಿಗೆ ಸರಿಬರಲಿಲ್ಲ. ಆಮೇಲೆ ಹುಡುಕಿ ನೋಡಿದರೆ ಆ ಸಾಲು ಬೇರೆ ಕಡೆಗಳಲ್ಲೂ ಇತ್ತು. ಅವನ ಪಟ್ಟಿಯನ್ನು ಕದ್ದು ಹಾಕಿಕೊಂಡವರು, ಅವರಿಂದ ಕದ್ದವರು. ಒಂದರಲ್ಲಿ ಬೀಸಣಿಗೆಯ ಸುತ್ತ ಕೆಂಪು ಗೆರೆ ಎಳೆದು, ಕೆಳಗೆ ಆ ಊರಿನ, ಚರ್ಚಿನ ಹೆಸರನ್ನೂ ಬರೆದಿದ್ದರು. ತಾನು ನೋಡಿದ್ದನ್ನು ಊರೆಲ್ಲ ನೋಡುವಂತೆ ಮಾಡಿದವನು ತಾನು. ಮುಂದೇನು ಮಾಡಬೇಕೆಂದು ತಿಳಿಯದೆ, ಪಕ್ಕದ ಪಾತ್ರೆಯ ಮೇಲೆ ಕೈಯಿಟ್ಟ. ಅದು ಇನ್ನೂ ಬೆಚ್ಚಗಿತ್ತು. ಆಮೇಲೆ ಅವನು ಕಾರು ಶುರುಮಾಡಿದ್ದು, ಚರ್ಚಿನ ಕಡೆಗೆ ತಿರುಗಬೇಕಾದ ಕಡೆ ತಿರುಗದೆ ಹೆದ್ದಾರಿ ಹಿಡಿದದ್ದು, ಯೋಚಿಸಿ ಮಾಡಿದ್ದಲ್ಲ.

ದಾರಿಯುದ್ದಕ್ಕೂ ಪೈನ್ ಮರಗಳು, ನಡುವೆ ಕುಡ್ಜು ಬಳ್ಳಿ ಮುಚ್ಚಿಹಾಕಿದ ಹಳೆಯ ಶೆಡ್ಡುಗಳು. ಉಜ್ಜೀವನ ಕೂಟದ ಆ ಸಂಜೆ ನೆನಪಾಯಿತು. ಡೇರೆಯೊಳಗೆ, ಹೊರಗಿನಿಂದ ಬಂದ ಬೋಧಕ ಕೂಗಿ ಕೂಗಿ ಕರೆದಾಗ ಎಲ್ಲರೊಂದಿಗೆ ಸೆಮಿನರಿಯ ವಿದ್ಯಾರ್ಥಿ ವೆಂಡಲ್ ಕೂಡ ಮುಂದೆ ಹೋಗಿ ಮೊಣಕಾಲೂರಿದ್ದ. ಕಣ್ಣು ಮುಚ್ಚಿದರೆ ದೇವರು ಬರಲಿಲ್ಲ. ಕಣ್ಣು ತೆರೆದರೆ, ಪಕ್ಕದಲ್ಲಿ ಮೊಣಕಾಲೂರಿದ್ದವಳ ಚಪ್ಪಲಿಯ ಹಿಮ್ಮಡಿ ಕಂಡಿತು. ಒಂದು ಕಡೆಗೆ ಸವೆದ, ಕಪ್ಪು ಬಣ್ಣ ಬಳಿದು ಮುಚ್ಚಿದ ಹಿಮ್ಮಡಿ. ಅದನ್ನು ನೋಡುತ್ತ ನೋಡುತ್ತ ಅವನಿಗೆ ಅಳು ಬಂತು. ಜನ ಅದನ್ನು ದೇವರ ಕರೆ ಎಂದರು. ಆ ಹಿಮ್ಮಡಿ ಕೊರಿನ್‌ಳದು. ಮದುವೆಯಾದ ಮೇಲೆ ಒಮ್ಮೆ ಇದನ್ನು ಹೇಳಿಕೊಂಡಾಗ ಕೊರಿನ್ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಿದ್ದಳು. ನೀನು ಆವತ್ತು ಹಾಕ್ಕೊಂಡಿದ್ದ ಕಾಲುಚೀಲ ಒಂದಕ್ಕೊಂದು ಜೋಡಿಯಲ್ಲ, ನಾನು ಅದನ್ನೇ ನೋಡ್ತಿದ್ದೆ, ಅಪ್ಪನಿಗೆ ಹೇಳಬೇಡ ಎಂದಿದ್ದಳು. ಆಗ ಅದು ಪಾಪ ಅನ್ನಿಸಿರಲಿಲ್ಲ. ದೇವರ ಬೆನ್ನ ಹಿಂದೆ ಇಬ್ಬರು ಮಕ್ಕಳು ಕದ್ದು ಮಿಠಾಯಿ ತಿಂದ ಹಾಗಿತ್ತು. ಆ ನಗು ಯಾವಾಗ ಹೋಯಿತು, ಅದೇ ಹಿಮ್ಮಡಿಯನ್ನು ಹುಡುಕಿಕೊಂಡು ಹಣ ತೆರುವ ಕಡೆಗೆ ತಾನು ಯಾವಾಗ ಬಂದೆ ಎಂದು ಅವನು ಕೇಳಿಕೊಂಡ. ಕೊರಿನ್ ಈಗಲೂ ಮೊಣಕಾಲೂರುತ್ತಾಳೆ. ಅವನು ಚರ್ಚಿನ ಹಿಂದಿನ ಮೂಲೆಯಲ್ಲಿ, ಮೈಕಿನ ದನಿ ಹದಮಾಡುವ ಗುಂಡಿಗಳ ಮುಂದೆ ಕೂತಿರುತ್ತಾನೆ.

ಆ ಸಣ್ಣ ಊರಿನ ಪೆಟ್ರೋಲ್ ಬಂಕಿನಲ್ಲಿ ಪಿಯಾನೋ ನುಡಿಸುವ ಮಿಸ್ ವರ್ಲೀನ್ ಎಂದು ಕೇಳಿದರೆ ಸಾಕಾಯಿತು. ಗಲ್ಲಾದಲ್ಲಿ ಕೂತಿದ್ದ ಹುಡುಗಿ ಮನೆಯ ಗುರುತು ಹೇಳಿ, ಅವನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಅವಳಿಗೂ ಗೊತ್ತಿದೆ ಎಂದು ಅವನಿಗೆ ಹೊಳೆಯಿತು. ಬಿಳಿ ಬಣ್ಣದ ಮರದ ಮನೆ, ಮುಂದೆ ಜಗುಲಿ. ಜಾಲರಿ ಬಾಗಿಲ ಹಿಂದೆ ಎತ್ತರದ ಹೆಂಗಸೊಬ್ಬಳು ಬಂದು ನಿಂತಳು. ಹೊರಗೆಲ್ಲೂ ಹೋಗುವುದಿಲ್ಲದಿದ್ದರೂ ಕಿವಿಗೆ ಮುತ್ತಿನ ಓಲೆ ಹಾಕಿಕೊಂಡಿದ್ದಳು. ಅವನು ತನ್ನ ಹೆಸರು ಹೇಳಿ, ನಮ್ಮ ಕೇನ್ ಹಾಲೋ ಚರ್ಚಿನಿಂದ ಊಟ ತಂದಿದ್ದೇನೆ ಎಂದ.

"ಕೇನ್ ಹಾಲೋನಾ? ಅಷ್ಟು ದೂರದಿಂದ?" ಎಂದಳು. "ನಮ್ಮ ಚರ್ಚಿನೋರಿಗೆ ಈ ಬೀದಿ ದಾಟಿ ಬರೋಕಾಗಿಲ್ಲ. ಬಾ ಮಗಾ. ಚರ್ಚಿನ ಪಿಯಾನೋ ಬೀಗದಕೈ ವಾಪಸ್ ಕೇಳೋಕೆ ಯಾರನ್ನೋ ಕಳಿಸಿದಾರೆ ಅಂದ್ಕೊಂಡೆ."

ಅಡಿಗೆಮನೆಯ ಮೇಜಿನ ಮೇಲೆ ಪಾತ್ರೆ ಇಟ್ಟು ಅವನು ನಿಂತೇ ಇದ್ದ. ಅವಳು ಸಿಹಿ ಚಹಾಕ್ಕೆ ಮಂಜುಗಡ್ಡೆ ಹಾಕಿ ಕೊಟ್ಟು, ಕೂತ್ಕೋ ಎಂದಳು. ಒಲೆ ಹಚ್ಚಿದಳು. ಬಹಳ ದಿನದಿಂದ ಮಾತನಾಡದವಳ ಹಾಗೆ, ಕೇಳದೆಯೇ ಹೇಳತೊಡಗಿದಳು. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಆಡಳಿತ ನೋಡುವ ಡೀಕನ್ ಒಬ್ಬ ಬಂದು, ಮಿಸ್ ವರ್ಲೀನ್, ನಿಮಗೂ ವಯಸ್ಸಾಯಿತು, ಕೆಲವು ವಾರ ಸುಧಾರಿಸಿಕೊಳ್ಳಿ ಎಂದನಂತೆ. ಇವಳು ತನ್ನ ಬೆರಳು ತಪ್ಪುತ್ತಿದೆಯೇನೋ ಎಂದುಕೊಂಡು ಮನೆಗೆ ಬಂದು ಇಡೀ ಮಧ್ಯಾಹ್ನ ಅಭ್ಯಾಸ ಮಾಡಿದಳಂತೆ. ಆಮೇಲೆ ತಂಗಿಯ ಮಗಳು ಬಂದು ಫೋನು ತೋರಿಸಿದಳಂತೆ. ಇದನ್ನು ಹೇಳುವಾಗ ಅವಳು ಒಲೆಯ ಕಡೆ ತಿರುಗಿಕೊಂಡಿದ್ದಳು. ಪಕ್ಕದ ಕೋಣೆಯಲ್ಲಿ ಪಿಯಾನೋ ಕಾಣುತ್ತಿತ್ತು, ಅದರ ಮೇಲೆ ಹೊದಿಸಿದ ಬಟ್ಟೆ. ಜೊಯೆಲ್ ನುಡಿಸುತ್ತಿದ್ದದ್ದು ಬೇರೆ ಎಲ್ಲೋ, ಬೇರೆ ಪಿಯಾನೋ. ಆದರೂ ತಾನು ಆ ಕೋಣೆಯನ್ನು ಮೊದಲೇ ನೋಡಿದ್ದೇನೆ ಎನ್ನುವ ಹಾಗೆ ವೆಂಡಲ್‌ನ ಕಣ್ಣು ಅತ್ತ ಹೋಗಿ ಹಿಂದಕ್ಕೆ ಬಂತು.

"ಮುಖ ಇರ್ಲಿಲ್ಲ ಅದ್ರಲ್ಲಿ," ಎಂದಳು ವರ್ಲೀನ್. "ಅವಳಲ್ಲ ಅಂತ ಹೇಳಿಬಿಡಬಹುದಿತ್ತು ನಾನು. ಆದ್ರೆ ಎಡಗೈ ಮಣಿಕಟ್ಟು ನೋಡಿದೆ. ಎಷ್ಟು ಸಲ ಹೇಳಿದ್ರೂ ಕೆಳಗೆ ಬಿಟ್ಕೊಂಡೇ ನುಡಿಸ್ತಾಳೆ. ಆ ಬೀಸಣಿಗೆ ನಮ್ಮನೇದು. ಅವರಪ್ಪನ್ನ ಮಣ್ಣು ಮಾಡಿದ ದಿನದ್ದು. ಸೆಕೆ ಅಂತ ಎಲ್ಲರೂ ಬೀಸ್ಕೋತಿದ್ರು, ಅವಳು ಮಾತ್ರ ಮಡಿಲಲ್ಲಿ ಇಟ್ಕೊಂಡು ಕೂತಿದ್ಳು."

ವೆಂಡಲ್ ಚಹಾದ ಲೋಟ ಮೇಜಿನ ಮೇಲಿಟ್ಟ. ಸಾವಿನ ಮನೆಯಿಂದ ಬರುವಂಥದು ಎಂದು ತಾನು ಬರೆದದ್ದು ನೆನಪಾಗಿ, ಆ ವಾಕ್ಯ ಎಷ್ಟು ಚೆನ್ನಾಗಿ ಬಂದಿದೆ ಎಂದು ಆಗ ಎರಡು ಸಲ ಓದಿಕೊಂಡದ್ದೂ ನೆನಪಾಯಿತು. ಅವಳು ಪಾತ್ರೆಯನ್ನು ಒಲೆಗಿಡಲು ಎತ್ತಿದಾಗ ತಳದಲ್ಲಿ ಅಂಟಿಸಿದ್ದ ಕಾಗದದ ಪಟ್ಟಿ ಕಂಡಿತು. ಪಾತ್ರೆ ಹಿಂದಿರುಗಿಸಲು ಅನುಕೂಲವಾಗಲೆಂದು ಹೆಂಗಸರು ಹೆಸರು ಬರೆದು ಅಂಟಿಸುವಂಥದು.

"ಕೊರಿನ್ ಪ್ರಾಥರ್. ನಿನ್ನ ಹೆಂಡ್ತಿಯಾ?"

"ಹೌದಮ್ಮಾ."

"ಒಳ್ಳೆ ಹುಡುಗಿ ಇರ್ಬೇಕು." ಪಾತ್ರೆಯನ್ನು ಕೆಳಗಿಟ್ಟು ಅವಳು ಅವನೆದುರು ಕೂತಳು. "ಜೊಯೆಲ್ ಮಾಡಿದ್ದು ನಂಗೆ ಹಿಡಿಸ್ತು ಅಂತಲ್ಲ. ಅದನ್ನ ಅವಳು ದೇವರ ಹತ್ರ ಮಾತಾಡ್ಕೋಬೇಕು. ಬಾಗಿಲು ತೆಗೀಲಿಲ್ಲ ನಾನು, ಅದೂ ನಿಜ. ಸಿಟ್ಟಿಗಲ್ಲ. ಏನು ಮಾತಾಡ್ಲಿ ಅಂತ ಗೊತ್ತಾಗ್ಲಿಲ್ಲ, ಅಷ್ಟೆ. ಆದ್ರೆ ಒಂದು ನೋಡು. ದುಡ್ಡು ಕೊಟ್ಟು ನೋಡೋ ಗಂಡಸರು ಬೀಸಣಿಗೆ ನೋಡಲ್ಲ. ಅಷ್ಟು ಹತ್ತಿರ ಹೋಗಿ ಓದಿದೋರು ಹೊರಗಿನವರಲ್ಲ. ಬೆಂಚಿನ ಮೇಲೆ ಕೂತು, ಅದನ್ನೇ ಬೀಸ್ಕೊಂಡು ಬೆಳೆದೋರು. ನಮ್ಮೋರೇ. ರೂತ್ ಅಂತ ಯಾವಳೋ. ಬೆಳಿಗ್ಗೆ ಎದ್ದರೆ ಅವಳದೇ ಯೋಚನೆ ನಂಗೆ. ನಮ್ಮೋಳಾಗಿ ಹೀಗೆ ಮಾಡೋಕೆ ಅವಳಿಗೆ ಏನಾಗಿತ್ತು ಅಂತ."

ಆಗ ಅವನು ಎದ್ದು ಹೊರಡಬಹುದಾಗಿತ್ತು. ಪ್ರಾರ್ಥನೆ ಮಾಡೋಣವೇ ಅಮ್ಮಾ ಎಂದು ಅವಳ ಕೈ ಹಿಡಿದು, ನಾಲ್ಕು ಮಾತು ಹೇಳಿ, ಆಮೆನ್ ಎಂದು ಏಳಬಹುದಾಗಿತ್ತು. ಅದು ಅವನಿಗೆ ಬರುತ್ತಿತ್ತು. ಆ ಪ್ರಾರ್ಥನೆಯ ಮೊದಲ ಮಾತುಗಳು ನಾಲಿಗೆಯ ಮೇಲೆ ಸಿದ್ಧವಾಗಿ ಬಂದು ನಿಂತದ್ದೇ ಅವನನ್ನು ಹೆದರಿಸಿತು.

"ರೂತ್ ಅಂತ ಯಾರೂ ಇಲ್ಲ ಅಮ್ಮಾ," ಎಂದ. "ಅದು ನಾನು."

ಅವಳು ಎದ್ದು ಒಲೆ ಆರಿಸಿದಳು. ಬೆಳ್ಳಿಕಾಗದವನ್ನು ಪಾತ್ರೆಯ ಅಂಚಿಗೆ ಸುತ್ತಲೂ ಮೊದಲಿನಂತೆಯೇ ಒತ್ತಿ ಮುಚ್ಚಿದಳು, ಮೂಲೆ ಮೂಲೆಯನ್ನೂ ಬಿಡದೆ. ಅವನು ಹೇಳುತ್ತಲೇ ಹೋದ. ಹಾಸಿಗೆಗಳು, ಗ್ರೆಚೆನ್, ಹೆಂಗಸಿನ ಹೆಸರು, ಬೀಸಣಿಗೆ ಕಂಡಾಗ ತನಗೆ ಸಂತೋಷವಾದದ್ದು. ಚಂದಾ ಉಳಿಸಿಕೊಂಡದ್ದನ್ನು ಮಾತ್ರ ಹೇಳಲಿಲ್ಲ. ಅದನ್ನು ಈ ಅಡಿಗೆಮನೆಯಲ್ಲಿ, ಆ ಮುತ್ತಿನ ಓಲೆಗಳೆದುರು ಹೇಳುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ತಪ್ಪೊಪ್ಪಿಕೊಳ್ಳುವಾಗಲೂ ತಾನು ಆರಿಸುತ್ತಿದ್ದೇನೆ, ತೋರಿಸಬಹುದಾದದ್ದನ್ನು ಮೇಲಿಟ್ಟು ಉಳಿದದ್ದನ್ನು ಕೆಳಗೆ ಸರಿಸುತ್ತಿದ್ದೇನೆ ಎಂದು ಗೊತ್ತಾಗುತ್ತಿತ್ತು. ಗೊತ್ತಾದರೂ ನಿಲ್ಲಿಸಲಿಲ್ಲ.

"ನಿನ್ನ ಹೆಂಡ್ತಿಗೆ ಗೊತ್ತಾ?" ಎಂದಳು ಕೊನೆಗೆ.

"ಇಲ್ಲ."

"ಅವಳ ಊಟ ಇಲ್ಲಿಗೆ ಬಂದಿದ್ದು?"

"ಅದೂ ಇಲ್ಲ."

ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಎದುರು ಮನೆಯವನು ಹುಲ್ಲು ಕತ್ತರಿಸುವ ಯಂತ್ರವನ್ನು ಎಳೆದು ಎಳೆದು ಶುರುಮಾಡಲು ನೋಡುತ್ತಿದ್ದ. ಅದು ಹೊತ್ತಿಕೊಳ್ಳುವವರೆಗೂ ಅವಳು ಕಾದಳು.

"ಎಷ್ಟನೇ ಜಾಗ ಕೊಟ್ಟೆ ಅವಳಿಗೆ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೇಜು ನೋಡುತ್ತ, "ಏಳನೇದು," ಎಂದ.

"ಏಳನೇದು. ಅಂದ್ರೆ ಅವಳಿಗಿಂತ ಮೇಲೆ ಆರು ಜನ."

"ಹೌದಮ್ಮಾ."

"ಅವರಲ್ಲಿ ಯಾರಿಗಾದ್ರೂ ಪಿಯಾನೋ ಬರುತ್ತಾ?"

"ಇಲ್ಲ."

"ಮತ್ತೆ?"

ಅವಳು ನಿಜವಾಗಿಯೂ ಉತ್ತರ ಬೇಕೆಂದು ಕೇಳುತ್ತಿದ್ದಳು. ಅವಳ ಗದ್ದ ಸ್ವಲ್ಪ ಮೇಲೆದ್ದಿತ್ತು. ಸ್ಪರ್ಧೆಯಲ್ಲಿ ಮಗಳಿಗೆ ಅನ್ಯಾಯವಾದಾಗ ತೀರ್ಪುಗಾರರ ಮೇಜಿನ ತನಕ ನಡೆದು ಬಂದ ತಾಯಿಯ ಮುಖ. ಒಂದು ಗಳಿಗೆಯ ನಂತರ ತಾನೇನು ಕೇಳಿದೆನೆಂದು ಅವಳಿಗೇ ಕಂಡಿತೇನೋ, ಆ ಮುಖ ಒಳಗಿನಿಂದ ಕುಸಿಯಿತು. ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯದೆ ವೆಂಡಲ್ ಕೂತಿದ್ದ. ಅವಳ ಭುಜ ಮುಟ್ಟಲು ಕೈ ಎತ್ತಿ, ಆ ಕೈಗೆ ಹಾಗೆ ಮಾಡುವ ಅಧಿಕಾರವಿಲ್ಲವೆಂದು ಕೆಳಗಿಳಿಸಿದ.

"ಇದನ್ನ ನಾನು ತಿನ್ನಲ್ಲ," ಎಂದಳು ಕಣ್ಣೊರೆಸಿಕೊಂಡು, ಪಾತ್ರೆಯನ್ನು ಅವನತ್ತ ತಳ್ಳಿ. "ಚೆಲ್ಲೋದೂ ಇಲ್ಲ, ಮಾಡಿದೋಳ ತಪ್ಪೇನಿದೆ. ಯಾರಿಗೆ ಅಂತ ಮಾಡಿದ್ಳೋ ಅವರಿಗೆ ಕೊಡು."

ಜೊಯೆಲ್‌ಗೆ ಏನಾದರೂ ತಿಳಿಸಲೇ ಎಂದು ಅವನು ಬಾಗಿಲಲ್ಲಿ ಕೇಳಿದ. ನನಗೂ ನನ್ನ ಮಗಳಿಗೂ ನಡುವೆ ಯಾರೂ ಬೇಡ ಎಂದಳು ವರ್ಲೀನ್. ಆ ಸಂಜೆಯೇ ಅವಳು ಮಗಳಿಗೆ ಫೋನು ಮಾಡಿದಳು, ಮಾತಿಗಿಂತ ಸುಮ್ಮನಿದ್ದದ್ದೇ ಹೆಚ್ಚು ಎಂಬುದು ವೆಂಡಲ್‌ಗೆ ಗೊತ್ತಾದದ್ದು ಬಹಳ ಕಾಲದ ಮೇಲೆ, ಅದೂ ಜೊಯೆಲ್ ಬರೆದ ಎರಡೇ ಸಾಲಿನಿಂದ. ಆಗ ಅವನಿಗೆ ಗೊತ್ತಿದ್ದದ್ದು, ಜಾಲರಿ ಬಾಗಿಲು ಹಿಂದೆ ಮುಚ್ಚಿಕೊಂಡಿತು, ಕೈಯಲ್ಲಿ ಪಾತ್ರೆ ಇದೆ, ಎದುರು ಮನೆಯವನು ಯಂತ್ರ ನಿಲ್ಲಿಸಿ ತನ್ನನ್ನು ನೋಡುತ್ತಿದ್ದಾನೆ ಎಂಬುದಷ್ಟೆ. ಕಾರಿನಲ್ಲಿ ಕೂತು ಅವನು ಮೊದಲು ಮಾಡಿದ್ದು ಸೆಲಾಳ ಚಂದಾ ರದ್ದು ಮಾಡಿದ್ದು. ಖಚಿತವೇ ಎಂದು ಪರದೆ ಕೇಳಿತು. ಹೌದು ಎಂದು ಒತ್ತಿದ ಮೇಲೂ, ಒತ್ತುವ ಮೊದಲು ಒಂದು ಗಳಿಗೆ ಬೆರಳು ತಡೆದದ್ದು ಅವನನ್ನು ಬಿಡಲಿಲ್ಲ. ಗ್ರೆಚೆನ್‌ಗೆ ಇನ್ನು ಈ ಪಟ್ಟಿ ನನ್ನಿಂದಾಗದು ಎಂದು ಬರೆದ. ಅವಳು ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿದಳು. ತನ್ನ ಜಾಗಕ್ಕೆ ನಾಳೆ ಇನ್ನೊಬ್ಬ ರೂತ್ ಬರುತ್ತಾಳೆ.

ಚರ್ಚಿನ ಅಡಿಗೆಮನೆಯಲ್ಲಿ ಹೆಂಗಸರು ಅವನ ಕೈಯಿಂದ ಪಾತ್ರೆ ಇಸಿದುಕೊಂಡು ಬಿಸಿಗಿಟ್ಟರು. ಇಷ್ಟು ಹೊತ್ತು ಎಲ್ಲಿ ಹೋಗಿದ್ದೆ ಎಂದು ಕೊರಿನ್ ಕೇಳಿದಳು. ಸ್ವಲ್ಪ ಕೆಲಸ ಇತ್ತು ಎಂದ. ಉದ್ದ ಮೇಜಿನ ಮೇಲೆ ಬೀನ್ಸು, ಜೋಳದ ರೊಟ್ಟಿ, ಬಾಳೆಹಣ್ಣಿನ ಪುಡ್ಡಿಂಗು. ಮಿಸ್ ಓಪಲ್ ಕೋಳಿ ಅನ್ನ ಎರಡು ಸಲ ಬಡಿಸಿಕೊಂಡು, ಕೊರಿನ್‌ಳ ಕೈ ಅವಳಮ್ಮನದೇ ಎಂದು ಹೊಗಳಿದಳು. ವೆಂಡಲ್ ತಟ್ಟೆಯಲ್ಲಿ ಅದನ್ನು ಒಂದು ಕಡೆಗೆ ದೂಡಿ, ಮತ್ತೆ ಇನ್ನೊಂದು ಕಡೆಗೆ ದೂಡಿದ. ಹೊಟ್ಟೆ ಸರಿಯಿಲ್ಲವೇ ಎಂದು ಕೊರಿನ್ ಮೇಜಿನ ಕೆಳಗೆ ಅವನ ಮೊಣಕಾಲು ಮುಟ್ಟಿದಳು. ಅವಳು ಮುಟ್ಟಿದ ಕಡೆ ಆಮೇಲೂ ಬಹಳ ಹೊತ್ತು ಬೆಚ್ಚಗಿತ್ತು.

ಊಟವಾದ ಮೇಲೆ ಎಲ್ಲರೂ ಆರಾಧನೆಯ ಕೋಣೆಗೆ ಹೋದರು. ವೆಂಡಲ್ ಹಿಂದಿನ ಮೂಲೆಯಲ್ಲಿ ತನ್ನ ಗುಂಡಿಗಳ ಮುಂದೆ ಕೂತ. ಅವನ ಮಾವ ಬ್ರದರ್ ಹೊರೇಸ್ ವಾಡಿಕೆಯಂತೆ ಮುಂದೆ ನಿಂತು, ಯಾರಿಗಾಗಿ ಪ್ರಾರ್ಥಿಸಬೇಕು ಹೇಳಿ ಎಂದ. ಒಬ್ಬರ ಮಂಡಿಯ ಶಸ್ತ್ರಚಿಕಿತ್ಸೆ, ಒಬ್ಬರ ಮೊಮ್ಮಗನ ಪರೀಕ್ಷೆ, ಸೈನ್ಯದಲ್ಲಿದ್ದ ಒಬ್ಬ ಹುಡುಗ. ಬೇರೆ ಯಾರಾದರೂ ಎಂದಾಗ ವೆಂಡಲ್ ತನ್ನ ಮುಂದಿದ್ದ ಮೈಕನ್ನು ಎತ್ತಿಕೊಂಡು ವರ್ಲೀನ್ ಸ್ಟ್ರೌಡ್ ಎಂದ. ಅಷ್ಟು ದೊಡ್ಡದಾಗಿ ಕೇಳಿಸಬಹುದೆಂದು ಅವನು ಎಣಿಸಿರಲಿಲ್ಲ. ಅಯ್ಯೋ, ನಮ್ಮಕ್ಕನ ಮಣ್ಣಿನ ದಿನ ನುಡಿಸಿದ್ದು ಅವಳೇ ಅಲ್ಲವೇ, ಏನು ಕಾಯಿಲೆ ಎಂದು ಮಿಸ್ ಓಪಲ್ ಕೇಳಿದಳು. ಕಾಯಿಲೆಯಲ್ಲ, ಅವಳ ಮಗಳ ವಿಷಯ ಎಂದು ಯಾರೋ ತಗ್ಗಿದ ದನಿಯಲ್ಲಿ ಹೇಳಿದರು. ಸುದ್ದಿ ಇಲ್ಲಿಯವರೆಗೂ ಬಂದಿತ್ತು. ತಲೆಗಳು ಒಂದರ ಹತ್ತಿರ ಒಂದು ಹೋಗಿ, ಬೇರೆಯಾಗಿ, ಅಲ್ಲಾಡಿದವು. ಬ್ರದರ್ ಹೊರೇಸ್ ನಿಟ್ಟುಸಿರಿಟ್ಟು, ಆ ದಾರಿ ತಪ್ಪಿದ ಹುಡುಗಿಗಾಗಿ ಪ್ರಾರ್ಥಿಸೋಣ ಎಂದು ಕಣ್ಣು ಮುಚ್ಚಿದ. ಎಲ್ಲರ ತಲೆಯೂ ಬಾಗಿತು. ಮುಂದಿನ ಸಾಲಿನಲ್ಲಿ ಕೊರಿನ್‌ಳ ತಲೆಯೂ ಬಾಗಿತು, ಕತ್ತಿನ ಹಿಂದೆ ಕೂದಲು ಎರಡು ಪಾಲಾಗಿ ಬಿದ್ದು ನಡುವೆ ಬಿಳಿಯ ಚರ್ಮ ಕಂಡಿತು.

ಅವಳನ್ನು ಕೆಸರಿನಿಂದ ಎತ್ತು ಕರ್ತನೇ, ಅವಳ ಹೃದಯ ಮುರಿ ಎಂದು ಮಾವನ ದನಿ ಏರತೊಡಗಿತು. ವೆಂಡಲ್ ಆ ದನಿಯನ್ನು ಮೈಕಿನಲ್ಲಿ ಹದವಾಗಿ ಕೇಳಿಸುವಂತೆ ಗುಂಡಿ ತಿರುಗಿಸಿದ, ಅಷ್ಟು ಅಭ್ಯಾಸವಾಗಿತ್ತು ಅದು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಆಮೆನ್ ಬರುತ್ತದೆ, ದೀಪಗಳನ್ನಾರಿಸಿ ಎಲ್ಲರೂ ಮನೆಗೆ ಹೋಗುತ್ತಾರೆ. ಜೊಯೆಲ್ ತನ್ನಿಂದಾಗಿ ಇನ್ನೊಂದು ಚರ್ಚಿನಲ್ಲೂ ಕೆಸರಿನಲ್ಲಿ ಉಳಿಯುತ್ತಾಳೆ. ಅವನು ಮಾವನ ಮೈಕಿನ ಗುಂಡಿಯನ್ನು ಪೂರ್ತಿ ಕೆಳಗೆ ಇಳಿಸಿದ.

"ಅವಳಿಗಲ್ಲ," ಎಂದ ಎದ್ದು ನಿಂತು. "ಬ್ರದರ್ ಹೊರೇಸ್, ಅವಳಿಗಾಗಿ ಬೇಡ. ಆ ಮನೆಗೆ ಹಾಗೆ ಮಾಡಿದ್ದು ನಾನು."

ಪ್ರಾರ್ಥನೆಯ ನಡುವೆ ಮಾತಾಡಿದವರನ್ನು ಆ ಕೋಣೆ ಕಂಡಿರಲಿಲ್ಲ. ಮುಚ್ಚಿದ ಕಣ್ಣುಗಳು ಒಂದೊಂದಾಗಿ ತೆರೆದು ಹಿಂದಕ್ಕೆ ತಿರುಗಿದವು. ಮಿಸ್ ಓಪಲ್ ಅವನನ್ನು ನೋಡಿ, ಮಾವನನ್ನು ನೋಡಿ, ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಮಾವನ ತುಟಿಗಳು ಸದ್ದಿಲ್ಲದೆ ಇನ್ನೂ ಅಲ್ಲಾಡುತ್ತಿದ್ದವು. ಕೊರಿನ್ ತಲೆ ಎತ್ತಿದಳು, ಆದರೆ ತಿರುಗಲಿಲ್ಲ. ಅವಳ ಬೆನ್ನು ನೆಟ್ಟಗಾಗಿ, ಕಿವಿ ಮಾತ್ರ ಅವನ ಕಡೆಗಿತ್ತು. ಅವಳು ತಿರುಗಿ ನೋಡಲಿ ಎಂದು ಅವನು ಕಾದ. ಆಮೇಲೆ, ಅವಳು ನೋಡಲಿ ಎಂದು ಕಾಯುವುದೂ ಒಂದು ತಪ್ಪಿಸಿಕೊಳ್ಳುವಿಕೆ ಎಂದು ತಿಳಿದು, ವರ್ಲೀನ್‌ಳ ಅಡಿಗೆಮನೆಯಲ್ಲಿ ಬಚ್ಚಿಟ್ಟ ಚಂದಾದ ವಿಷಯವನ್ನೇ ಮೊದಲು ಹೇಳತೊಡಗಿದ.